ಹೊಳೆಕಲ್ಲು

“ಮೆಲ್ಲಗೆ ಮೇಸ್ತ್ರಿಗಳೇ, ಮೆಲ್ಲಗೆ. ಬೆಟ್ಟ ಎಲ್ಲೂ ಓಡಿ ಹೋಗಲ್ಲ.”

ಮೇಸ್ತ್ರಿ ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ನಿಂತರು. ಎಷ್ಟು ಗಾಳಿ ಎಳೆದುಕೊಂಡರೂ ಎದೆ ತುಂಬುತ್ತಿರಲಿಲ್ಲ. ನಲವತ್ತು ವರ್ಷ ಗಾರೆ ಕೆಲಸ ಮಾಡಿ, ನಾಲ್ಕನೇ ಅಂತಸ್ತಿನ ಬಿದಿರಿನ ಸಾರುವೆಯ ಮೇಲೆ ಸಿಮೆಂಟಿನ ಬಾಂಡಲಿ ಹಿಡಿದು ಓಡಾಡಿದವರಿಗೆ ಈಗ ಇಪ್ಪತ್ತು ಹೆಜ್ಜೆಗೊಮ್ಮೆ ಕೂರಲು ಬಂಡೆ ಹುಡುಕುವ ಗತಿ ಬಂದಿತ್ತು. ಹೊಸ ಬೂಟು ಎಡ ಹಿಮ್ಮಡಿಯನ್ನು ಕಚ್ಚಿ ಬೊಬ್ಬೆ ಎಬ್ಬಿಸಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ.

ದಾರಿ ತೋರಿಸುತ್ತಿದ್ದವನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಇಪ್ಪತ್ತೆಂಟು ವರ್ಷದಿಂದ ಚಾರಣಕ್ಕೆ ಬಂದವರಿಗೆಲ್ಲ ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತ ಬಂದು ಅವನು ಮೆಲ್ಲಗಣ್ಣನೇ ಆಗಿಹೋಗಿದ್ದ. ಬಾಯಿ ತುಂಬ ಮಾತಾಡುವ ಮನುಷ್ಯ. ಯಾವ ಹೂವು ಮುಟ್ಟಿದರೆ ತುರಿಸುತ್ತದೆ, ಯಾವ ಶಿಖರದ ಮೂಗು ಯಾವ ಶಾನುಭೋಗರ ಮೂಗಿನಂತಿದೆ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇರುವವನು. ಈ ಸಲ ಮಾತ್ರ ಎರಡು ದಿನದಿಂದ ‘ಮೆಲ್ಲಗೆ’ ಬಿಟ್ಟರೆ ಬೇರೆ ಮಾತಿಲ್ಲ. ಹೇಳಲೇಬೇಕಾದದ್ದೊಂದು ಉಳಿದ ಮಾತನ್ನೆಲ್ಲ ತಡೆದಿತ್ತು.

ಮೇಸ್ತ್ರಿಯ ಮಗ ತೀರಿಕೊಂಡು ನಲವತ್ತು ದಿನವಾಗಿತ್ತು. ಇಬ್ಬರು ಗೆಳೆಯರ ಜೊತೆ, ದಾರಿ ಬಲ್ಲವರಿಲ್ಲದೆ, ಎರಡು ಶಿಖರಗಳ ನಡುವಿನ ಸಂದನ್ನು ದಾಟಲು ಹೊರಟಿದ್ದ. ಆ ಸಂದಿಗೆ ಇಲ್ಲಿಯವರು ಬಾಗಿಲು ಎನ್ನುತ್ತಾರೆ. ಬಾಗಿಲು ಇನ್ನೊಂದು ಗಂಟೆಯ ದಾರಿ ಇರುವಾಗ ಮಂಜು ಕವಿಯಿತು. ಗೆಳೆಯರನ್ನು ಅಲ್ಲೇ ಕೂರಿಸಿ, ಗುರುತಿನ ಕಲ್ಲು ಹುಡುಕುತ್ತ ಅವನೊಬ್ಬನೇ ಮುಂದೆ ಹೋದ. ‘ಕಲ್ಲು ಸಿಕ್ತು, ಬನ್ರೋ!’ ಎಂದು ಕೂಗಿದ್ದು ಗೆಳೆಯರಿಗೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಕೊರಕಲಿಗೆ ಇಳಿದು ಹೆಣ ಎತ್ತಿದ ಆರು ಜನರಲ್ಲಿ ಮೆಲ್ಲಗಣ್ಣನೂ ಒಬ್ಬ.

ಆ ಹುಡುಗನಿಗೆ ಸಿಕ್ಕಿದ್ದು ದಾರಿಯ ಗುರುತಾಗಿರಲಿಲ್ಲ. ಆ ಕಲ್ಲುಗುಡ್ಡೆಯನ್ನು ಪೇರಿಸಿದವನು ಮೆಲ್ಲಗಣ್ಣ. ಮಗ ಎಲ್ಲಿ ಬಿದ್ದನೆಂದು ನೋಡಲು ಬಂದ ಅಪ್ಪನನ್ನು ಈಗ ಅಲ್ಲಿಗೆ ಕರೆದೊಯ್ಯುತ್ತಿದ್ದವನೂ ಅವನೇ.

ಆ ಎತ್ತರದಲ್ಲಿ ಫಲಕ ನೆಟ್ಟರೆ ಗಾಳಿ ಕೀಳುತ್ತದೆ, ಬಣ್ಣ ಬಳಿದರೆ ಹಿಮ ಮುಚ್ಚುತ್ತದೆ. ಉಳಿಯುವುದು ಕಲ್ಲೊಂದೇ. ಗಾಳಿ ಕಲ್ಲನ್ನು ಉರುಳಿಸಬಲ್ಲದು, ಒಂದರ ಮೇಲೊಂದು ಇಡಲಾರದು. ಹಾಗಾಗಿ ಕಲ್ಲಿನ ಮೇಲೆ ಕಲ್ಲು ಕಂಡರೆ ಅದು ಮನುಷ್ಯ ಇಟ್ಟದ್ದು, ಅಲ್ಲಿ ದಾರಿ ಇದೆ. ಈ ಕಸುಬಿನ ಮೊದಲ ಪಾಠವೇ ಅದು. ಚಾರಣಿಗರು ಚಿತ್ರ ತೆಗೆಯಲೆಂದು ಅಂದಚಂದಕ್ಕೆ ಕಲ್ಲು ಪೇರಿಸಿದರೆ ಮೆಲ್ಲಗಣ್ಣನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅವರೆದುರೇ ಒದ್ದು ಕೆಡವುತ್ತಿದ್ದ.

ಅಂಥವನು, ನಾಲ್ಕು ವರ್ಷದ ಹಿಂದೆ, ತಾನೇ ಪೇರಿಸಿದ. ಅವನ ಮಗನೂ ಅದೇ ಕಸುಬಿನವನು. ಹಿಮ ಸುರಿಯುತ್ತಿದ್ದಾಗ ಹಿಂದೆ ಉಳಿದ ಹೆಂಗಸೊಬ್ಬಳನ್ನು ಹುಡುಕಿಕೊಂಡು ವಾಪಸ್ ಹೋದ. ಆಕೆ ಬೇರೆ ಗುಂಪಿನ ಜೊತೆ ಸೇರಿಕೊಂಡು ಬಿಡಾರ ತಲುಪಿದಳು, ಅವನು ಬರಲಿಲ್ಲ. ದಾರಿಯಿಂದ ಬಲಕ್ಕೆ ಇನ್ನೂರು ಹೆಜ್ಜೆ, ಕೊರಕಲಿನ ಅಂಚಿನಲ್ಲಿ ಅವನ ಕೋಲು ಸಿಕ್ಕಿತು. ಎರಡು ಬೇಸಿಗೆ ಹುಡುಕಿದರೂ ಅವನು ಮಾತ್ರ ಸಿಗಲೇ ಇಲ್ಲ. ಕೋಲು ಸಿಕ್ಕ ಜಾಗದಲ್ಲಿ ಮೆಲ್ಲಗಣ್ಣ ಮೊಣಕಾಲುದ್ದ ಕಲ್ಲು ಪೇರಿಸಿದ. ಕೂತು ಅಳುವುದಕ್ಕೆ ಮನುಷ್ಯನಿಗೆ ಒಂದು ಜಾಗ ಬೇಕಲ್ಲ.

ಅವನ ಹೆಂಡತಿ ಬೆಟ್ಟ ಹತ್ತಿದವಳಲ್ಲ, ಮಂಡಿ ನೋವು. ಗಂಡ ಬಾಗಿಲಿನ ಕಡೆ ಹೊರಟಾಗಲೆಲ್ಲ ಮನೆಯ ಹಿಂದಿನ ಹೊಳೆಯಲ್ಲಿ, ಬಟ್ಟೆ ಒಗೆಯುವ ಕಡೆ, ಮುಷ್ಟಿಗಾತ್ರದ ನುಣ್ಣನೆಯ ಕಲ್ಲೊಂದನ್ನು ಆರಿಸಿ ಅವನ ಚೀಲಕ್ಕೆ ಹಾಕುತ್ತಿದ್ದಳು. “ಅವನ ಹತ್ರ ಇಡಿ” ಎನ್ನುತ್ತಿದ್ದಳು, ಅಷ್ಟೇ. ಆ ಗುಡ್ಡೆ ದಾರಿಗೆ ಕಾಣುತ್ತಿತ್ತು. ಹೋಗಿಬರುವವರು ಅಲ್ಲೊಂದು ಕಲ್ಲಿಡುವುದೇ ಪದ್ಧತಿಯೇನೋ ಎಂದುಕೊಂಡು ಒಂದೊಂದು ಇಟ್ಟರು. ಗುಡ್ಡೆ ಸೊಂಟಕ್ಕೆ ಬಂತು, ಎದೆಗೆ ಬಂತು, ಸುತ್ತಲಿನ ನಿಜವಾದ ಗುರುತುಗಳನ್ನು ಮೀರಿಸಿ ನಿಂತಿತು. ಮೆಲ್ಲಗಣ್ಣನಿಗೆ ಅದರ ಅಪಾಯ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೂ ಯಾರ್ಯಾರೋ ತನ್ನ ಮಗನಿಗೆ ಕಲ್ಲಿಡುತ್ತಿದ್ದಾರಲ್ಲ ಎಂದು ಒಳಗೊಳಗೇ ಸಂತೋಷಪಟ್ಟ.

ಎರಡನೆಯ ದಿನ ಮಧ್ಯಾಹ್ನ ಕೆರೆಯ ಪಕ್ಕದ ಬಿಡಾರ ಮುಟ್ಟಿದರು. ಅಡಿಗೆಯವನು ಹೇಸರಗತ್ತೆಯ ಜೊತೆ ಮೊದಲೇ ಬಂದು ಡೇರೆ ಹೊಡೆದಿದ್ದ.

“ಈ ಸಾರು ಕುಡೀರಿ ಮೇಸ್ತ್ರಿಗಳೇ. ಎತ್ತರದ ತಲೆನೋವು ಮರೆತೇ ಹೋಗುತ್ತೆ. ಹೊಟ್ಟೆನೋವು ಶುರುವಾದ್ರೆ ನನ್ನ ಕೇಳ್ಬೇಡಿ” ಎಂದು ಲೋಟ ಕೊಟ್ಟ.

ಮೇಸ್ತ್ರಿ ನಕ್ಕಂತೆ ಮಾಡಿದರು. ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೆರೆ ನೋಡುತ್ತ ಕೂತರು. “ಎರಡು ವರ್ಷದ ಹಿಂದೆ ಇಲ್ಲಿವರೆಗೆ ಬಂದಿದ್ದ ನನ್ನ ಮಗ. ನಿಮ್ಮ ಜೊತೇನೇ. ನೆನಪಿದ್ಯಾ ನಿಮಗೆ?”

“ಇದೆ” ಎಂದ ಮೆಲ್ಲಗಣ್ಣ. ನಿಜಕ್ಕೂ ನೆನಪಿರಲಿಲ್ಲ. ವರ್ಷಕ್ಕೆ ಇನ್ನೂರು ಮಂದಿ ಬರುತ್ತಾರೆ.

“ನಿಮ್ಮ ಹೆಸರು ಅವನ ಬಾಯಲ್ಲೇ ಕೇಳಿದ್ದು. ಅದಕ್ಕೇ ನಿಮ್ಮನ್ನೇ ಹುಡುಕ್ಕೊಂಡು ಬಂದೆ. ಮನೆಗೆ ಬಂದೋನು ಊಟದ ಮೇಜಿನ ಮೇಲೆ ಲೋಟದ ಮೇಲೆ ಲೋಟ ಇಟ್ಟು ಅವರಮ್ಮನಿಗೆ ಪಾಠ ಮಾಡ್ದ. ಮಂಜು ಬಂದ್ರೆ ಕಣ್ಣು ನಂಬಬಾರ್ದು, ಕಲ್ಲು ನಂಬಬೇಕು, ಮೆಲ್ಲಗಣ್ಣ ಹೇಳ್ಕೊಟ್ರು ಅಂತ.” ಮೇಸ್ತ್ರಿ ಸಾರಿನಲ್ಲಿ ತೇಲುತ್ತಿದ್ದ ಎಲೆಯನ್ನು ಬೆರಳಿನಿಂದ ತೆಗೆದರು. “ನಾನು ಗೇಲಿ ಮಾಡ್ದೆ. ಕಲ್ಲಿನ ಮೇಲೆ ಕಲ್ಲಿಡೋದನ್ನ ನನಗೇ ಹೇಳ್ಕೊಡ್ತೀಯೇನೋ, ಅಂತ.”

ಮೆಲ್ಲಗಣ್ಣ ಎದ್ದು ಡೇರೆಯ ಹಗ್ಗ ಬಿಗಿ ಮಾಡಲು ಹೋದ. ಅದು ಬಿಗಿಯಾಗಿಯೇ ಇತ್ತು. ಅಡಿಗೆಯವನು ಪಾತ್ರೆ ತೊಳೆಯುವ ನೆಪದಲ್ಲಿ ಹಿಂದೆಯೇ ಬಂದ.

“ಅಣ್ಣಾ, ಹೇಳೋಕೆ ಹೋಗ್ಬೇಡಿ. ಮಗನ್ನ ಕಳ್ಕೊಂಡು ನೊಂದಿರೋ ಮನುಷ್ಯ. ದಾರೀಲೇ ನಿಂತು ಕೊರಕಲು ತೋರಿಸಿ ಕರ್ಕೊಂಡು ಬನ್ನಿ. ಆಮೇಲೆ ನಾವಿಬ್ರೂ ಹೋಗಿ ಕೆಡವೋಣ.”

“ಹೋದ ಸಲಾನೂ ಹಂಗೇ ಅಂದಿದ್ದೆ ನೀನು.”

“ಹೋದ ಸಲ ಕೆಡವ್ತೀನಿ ಅಂತ ಹೋದೋರು ಯಾರು, ನಾನಾ? ಅರ್ಧ ಗಂಟೆ ಅದರ ಮುಂದೆ ಕೂತಿದ್ದು, ಒಂದು ಕಲ್ಲೂ ಮುಟ್ಟದೆ ಎದ್ದು ಬಂದ್ರಲ್ಲ!”

ಅದು ನಿಜವೇ. ಹುಡುಗನ ಹೆಣ ಇಳಿಸಿದ ಹದಿನೈದು ದಿನಕ್ಕೆ ಅವನು ಅಲ್ಲಿಗೆ ಹೋಗಿದ್ದ. ಹೆಂಡತಿಗೆ ಏನನ್ನೂ ಹೇಳಿರಲಿಲ್ಲ. ಈ ಸಲ ಹೊರಡುವಾಗಲೂ ಆಕೆ ಎಂದಿನಂತೆ ಒದ್ದೆ ಕಲ್ಲನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿದ್ದಳು.

ಮೂರನೆಯ ದಿನ ಮಂಜಿರಲಿಲ್ಲ. ಆಕಾಶ ತೊಳೆದಿಟ್ಟಂತಿತ್ತು, ಬಾಗಿಲಿನ ಎರಡೂ ಕಡೆಯ ಹಿಮ ಕಣ್ಣು ಕುಕ್ಕುತ್ತಿತ್ತು. ಅಂಥ ಬೆಳಕಿನಲ್ಲಿ ದಾರಿ ತಪ್ಪುವುದು ಹೇಗೆಂದೇ ತಿಳಿಯುವುದಿಲ್ಲ. ದಾರಿ ಎಡಕ್ಕೆ ಹೊರಳುವ ಕಡೆ ಮೆಲ್ಲಗಣ್ಣ ನಿಂತ. ಅಡಿಗೆಯವನ ಮಾತಿನಂತೆ ಇಲ್ಲಿಂದಲೇ ಕೈ ತೋರಿಸಬಹುದಿತ್ತು. ಅವನು ತೋರಿಸುವ ಮೊದಲೇ ಮೇಸ್ತ್ರಿ ಬಲಕ್ಕೆ ನೋಡಿದರು. ಎದೆಯೆತ್ತರದ ಗುಡ್ಡೆ ಎದ್ದು ಕಾಣುತ್ತಿತ್ತು. ಯಾರಿಗೆ ತಾನೆ ಕಾಣುವುದಿಲ್ಲ?

ಮೇಸ್ತ್ರಿ ಕುಂಟುತ್ತ ಅಲ್ಲಿಗೆ ನಡೆದರು. ಕೊರಕಲಿನೊಳಕ್ಕೆ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಮೆಲ್ಲಗಣ್ಣ ಹಿಂದಿನಿಂದ ಅವರ ಚೀಲದ ಪಟ್ಟಿ ಹಿಡಿದುಕೊಂಡಿದ್ದ. ನೋಡಿ ಮುಗಿದ ಮೇಲೆ ಅವರು ಬಗ್ಗಿ ಒಂದು ಕಲ್ಲೆತ್ತಿಕೊಂಡರು.

“ಕೂಗಿದ್ದು ಇಲ್ಲಿಂದ್ಲೇ ಅಲ್ವಾ ಅವನು? ಪಾಪ, ಯಾರೋ ಪುಣ್ಯಾತ್ಮರು ಇಟ್ಟಿದಾರೆ. ನಾನೂ ಒಂದು ಇಡ್ತೀನಿ.”

ಕಲ್ಲಿಡಲು ಜಾಗ ಹುಡುಕುವಾಗ ಮೇಸ್ತ್ರಿಯ ಕಣ್ಣು ತನ್ನ ಕೆಲಸ ತಾನು ಮಾಡಿತು. ಅವರು ಗುಡ್ಡೆಯ ಸುತ್ತ ಬಂದರು. “ತಳ ಚೆನ್ನಾಗಿ ಹಾಕಿದಾರೆ. ಕೈ ಪಳಗಿದೋರದು. ಮೇಲಿಂದು ಮಾತ್ರ ಹೋಗಿಬರೋರ ಕೆಲಸ, ಸಂದಿಗೊಂದು ಗೊಂದಿಗೊಂದು.” ಆಮೇಲೆ ಸಂದಿಯೊಂದರಿಂದ ನುಣ್ಣನೆಯ ಕಲ್ಲನ್ನು ಈಚೆಗೆಳೆದು ಅಂಗೈಯಲ್ಲಿ ಹೊರಳಿಸಿದರು. “ಇದು ಹೊಳೆಕಲ್ಲು.”

ಮೆಲ್ಲಗಣ್ಣ ಬೆನ್ನಿನಿಂದ ಚೀಲ ಇಳಿಸಿದ.

“ಇಗೋ, ಇಲ್ಲೊಂದು. ಅಲ್ಲೊಂದು. ನೀರಲ್ಲಿ ಉರುಳಿ ಉರುಳಿ ಸವೆದ ಕಲ್ಲು ಇದು. ಇಷ್ಟು ಎತ್ತರಕ್ಕೆ ತಾನಾಗೇ ಹತ್ತಿ ಬರಲ್ಲ. ಯಾರೋ ಹೊತ್ತು ತಂದಿದಾರೆ.”

ಮೆಲ್ಲಗಣ್ಣ ಚೀಲ ಬಿಚ್ಚಿದ. ಬಟ್ಟೆಗಳ ನಡುವೆ ಕೈ ಹಾಕಿ ಹೆಂಡತಿ ಕೊಟ್ಟ ಕಲ್ಲನ್ನು ತೆಗೆದು ಮೇಸ್ತ್ರಿಯ ಮುಂದೆ ಹಿಡಿದ.

“ಇದೂ ಅದೇ ಹೊಳೇದು. ನಮ್ಮನೆ ಹಿಂದಿನ ಹೊಳೆ. ನನ್ನ ಮಗ ಇಲ್ಲೇ ಹೋದ ಮೇಸ್ತ್ರಿಗಳೇ, ನಾಲ್ಕು ವರ್ಷ ಆಯ್ತು. ಅವನು ಸಿಗಲಿಲ್ಲ. ಅದಕ್ಕೇ ಈ ಗುಡ್ಡೆ ಇಟ್ಟೆ. ಇದು ದಾರಿ ಗುರುತಲ್ಲ. ದಾರಿ ಅಲ್ಲಿದೆ, ನಾವು ನಿಂತಿದ್ವಲ್ಲ, ಅಲ್ಲಿ. ನಿಮ್ಮ ಮಗ ಇದನ್ನ ನೋಡಿ ದಾರಿ ಅಂದ್ಕೊಂಡ. ನಾನು ಹೇಳ್ಕೊಟ್ಟಿದ್ದನ್ನೇ ನಂಬ್ದ.”

ಗಾಳಿ ಜೋರಾಗಿತ್ತು. ಮಾತು ಪೂರ್ತಿ ಕೇಳಿಸಿತೋ ಇಲ್ಲವೋ ಎಂದು ಮೆಲ್ಲಗಣ್ಣನಿಗೆ ಅನುಮಾನವಾಯಿತು. ಇನ್ನೊಮ್ಮೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಮೇಸ್ತ್ರಿ ಕೂತುಬಿಟ್ಟರು. ಅವರ ಕೈಯಲ್ಲಿ ಎರಡು ಕಲ್ಲಿದ್ದವು, ಇಡಲೆಂದು ಎತ್ತಿದ ಒರಟು ಕಲ್ಲು ಒಂದು, ಹೊಳೆಕಲ್ಲು ಒಂದು.

“ನಿಮ್ಮವನಿಗೆ ಎಷ್ಟು ವಯಸ್ಸು?”

“ಇಪ್ಪತ್ತಾರು.”

“ನನ್ನವನಿಗೆ ಇಪ್ಪತ್ತೆರಡು.” ಅವರ ದನಿ ಒಡೆಯಿತು. “ನಲವತ್ತು ದಿನ ಇತ್ತಲ್ರೀ ನಿಮಗೆ! ಗೊತ್ತಾದ ಮೇಲೂ ನಲವತ್ತು ದಿನ ಇದನ್ನ ಹಿಂಗೇ ಬಿಟ್ಟಿದ್ರಲ್ಲ. ಇನ್ನೊಬ್ಬರ ಮನೆ ಹುಡುಗ ಬಂದಿದ್ರೆ?”

“ಕೈ ಬರಲಿಲ್ಲ” ಎಂದ ಮೆಲ್ಲಗಣ್ಣ.

ಮೇಸ್ತ್ರಿ ಎದ್ದರು. ಹೊಡೆಯುತ್ತಾರೆಂದು ಮೆಲ್ಲಗಣ್ಣ ಅಂದುಕೊಂಡ, ಹೊಡೆದರೆ ಒಳ್ಳೆಯದೆಂದೂ ಅನ್ನಿಸಿತು. ಅವರು ಒರಟು ಕಲ್ಲನ್ನು ದೂರ ಎಸೆದು, ಹೊಳೆಕಲ್ಲನ್ನು ಜೋಪಾನವಾಗಿ ನೆಲಕ್ಕಿಟ್ಟು, ಗುಡ್ಡೆಯ ನೆತ್ತಿಗೆ ಕೈ ಹಾಕಿದರು.

“ಬನ್ನಿ ಈ ಕಡೆ. ಮೇಲಿಂದ ಬಿಚ್ಚಬೇಕು. ತಳಕ್ಕೆ ಕೈ ಹಾಕಿದ್ರೆ ಕಾಲ ಮೇಲೆ ಬೀಳುತ್ತೆ.”

ಇಬ್ಬರೂ ಬಿಚ್ಚಿದರು. ಹತ್ತು ಕಲ್ಲಿಗೊಮ್ಮೆ ಕೂತು ಏದುಸಿರು ಬಿಟ್ಟು ಮತ್ತೆ ಎದ್ದರು. ಒಂದು ಕಲ್ಲಿನ ಮೇಲೆ ಇನ್ನೊಂದು ಉಳಿಯದಂತೆ ಅಷ್ಟಗಲ ಚೆಲ್ಲಿದರು. ಹೊಳೆಕಲ್ಲುಗಳನ್ನು ಮಾತ್ರ ಮೇಸ್ತ್ರಿ ಬೇರೆ ಇಡುತ್ತ ಬಂದರು. ಅವನ್ನು ಅಲ್ಲಿ ಬಿಟ್ಟರೆ ಯಾರಾದರೂ ಆಸೆಪಟ್ಟು ಮತ್ತೆ ಗುಡ್ಡೆ ಹಾಕುವುದು ಖಂಡಿತ. ಕೊನೆಗೆ ಮೆಲ್ಲಗಣ್ಣ ತಾನೇ ಹೊಂದಿಸಿದ್ದ ಅಗಲದ ತಳದ ಕಲ್ಲುಗಳು ಉಳಿದವು. ಅವನ್ನು ಅವನೊಬ್ಬನೇ ಎತ್ತಿದ. ಮೇಸ್ತ್ರಿ ಆ ಕಡೆ ತಿರುಗಿ ಬೂಟಿನ ದಾರ ಬಿಗಿದುಕೊಳ್ಳುತ್ತಿದ್ದರು. ಕಲ್ಲಿನ ಕೆಳಗೆ ನಾಲ್ಕು ವರ್ಷ ಬಿಸಿಲು ಕಾಣದ ನೆಲ ತೇವವಾಗಿತ್ತು. ಅವನು ಅದರ ಮೇಲೆ ಅಂಗೈ ಊರಿ ಅತ್ತ. ಅಷ್ಟು ಜೋರಾಗಿ ಅವನು ಮಗ ಹೋದಾಗಲೂ ಅತ್ತಿರಲಿಲ್ಲ.

ಹೊಸದೂ ಸೇರಿ ಇಪ್ಪತ್ತು ಹೊಳೆಕಲ್ಲು. ಮೆಲ್ಲಗಣ್ಣ ತುಂಬಿಕೊಳ್ಳುತ್ತಿದ್ದಾಗ ಮೇಸ್ತ್ರಿ ಕೇಳದೆಯೇ ಹತ್ತನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಇಳಿಯುವ ಎರಡು ದಿನ ಮೇಸ್ತ್ರಿ ಅವನ ಜೊತೆ ಮಾತಾಡಲಿಲ್ಲ. ಅಡಿಗೆಯವನು ಕೊಟ್ಟದ್ದನ್ನು ಉಂಡರು, ತಟ್ಟೆ ತಾವೇ ತೊಳೆದರು. ಇಳಿಜಾರಿನಲ್ಲಿ ಕುಂಟುತ್ತಲೇ ಮುಂದೆ ಮುಂದೆ ಹೋದರು, ಪುಡಿಗಲ್ಲಿನ ಮೇಲೆ ಎರಡು ಸಲ ಜಾರಿದರು. ಎರಡು ಸಲವೂ ಮೆಲ್ಲಗಣ್ಣನ ಬಾಯಿ ತೆರೆಯಿತು. ‘ಮೆಲ್ಲಗೆ’ ಎನ್ನಲು ಆಗಲಿಲ್ಲ.

ಊರು ತಲುಪಿದಾಗ ಸಂಜೆಯ ಬಸ್ಸು ತಿರುವಿನಲ್ಲಿ ನಿಂತಿತ್ತು. ಮೆಲ್ಲಗಣ್ಣನ ಮನೆ ಬಸ್ಸಿಗೆ ಹೋಗುವ ದಾರಿಯಲ್ಲೇ. ಅಂಗಳದ ತಂತಿಯ ಮೇಲೆ ಹಿಂದಿನ ಚಾರಣದ ಡೇರೆಗಳು ಒಣಗುತ್ತಿದ್ದವು. ಮೇಸ್ತ್ರಿ ಮೆಟ್ಟಿಲ ಬಳಿ ನಿಂತು ಚೀಲ ಬಿಚ್ಚಿ, ಒಂದೊಂದೇ ಕಲ್ಲು ತೆಗೆದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಕೈಗೆ ಬೇರೆ ಅಭ್ಯಾಸವಿಲ್ಲ, ಸಾಲು ನೂಲು ಹಿಡಿದಂತೆ ನೆಟ್ಟಗಿತ್ತು.

ಮೆಲ್ಲಗಣ್ಣನ ಹೆಂಡತಿ ಕೈ ಒರೆಸಿಕೊಳ್ಳುತ್ತ ಈಚೆ ಬಂದಳು. “ಒಳಗೆ ಬನ್ನಿ ಅಣ್ಣಾವ್ರೇ, ಟೀ ಕುಡ್ಕೊಂಡು ಹೋಗೀರಂತೆ.”

“ಬಸ್ಸು ಬಿಡುತ್ತೆ ತಾಯಿ” ಎಂದರು ಮೇಸ್ತ್ರಿ. ಒಂದು ಕ್ಷಣ ಆಕೆಯ ಮುಖ ನೋಡಿದರು. ಆಮೇಲೆ ಹೊರಟುಹೋದರು.

“ಯಾರ್ರೀ ಅವರು? ಕಾಲು ಅಷ್ಟು ನೋಯ್ತಿದೆ, ಎರಡು ನಿಮಿಷ ಕೂರಬಾರ್ದಿತ್ತಾ?” ಎನ್ನುತ್ತಲೇ ಆಕೆಯ ಕಣ್ಣು ಮೆಟ್ಟಿಲಿಗೆ ಬಿತ್ತು. ತಾನು ಆರಿಸಿದ ಕಲ್ಲು ತನಗೆ ಗುರುತು ಸಿಗದಿರುತ್ತದೆಯೇ? ಬಿಳಿ ಗೆರೆಯದು ಮೊದಲನೇ ವರ್ಷದ್ದು. ಮೊಟ್ಟೆಯಂಥದ್ದು ಮಗನ ಹುಟ್ಟುಹಬ್ಬದ ದಿನದ್ದು. “ಇವನ್ಯಾಕೆ ವಾಪಸ್ ತಂದ್ರಿ? ಅವನ ಹತ್ರ ಏನೂ ಇಲ್ವಾ ಈಗ?”

“ಹೇಳ್ತೀನಿ. ಎಲ್ಲಾ ಹೇಳ್ತೀನಿ. ಕೂತ್ಕೋ ಮೊದ್ಲು.”

ಅವನು ತನ್ನ ಚೀಲ ಇಳಿಸಿದ. ಕಲ್ಲುಗಳು ಒಳಗೆ ಸದ್ದು ಮಾಡಿದವು. ಆಕೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲ ಮೇಲೆ ಕೂತು, ಬಿಳಿ ಗೆರೆಯ ಕಲ್ಲನ್ನು ಎತ್ತಿಕೊಂಡಳು. ತಕ್ಷಣ ತಲೆಯೆತ್ತಿದಳು.

“ಬೆಚ್ಚಗಿದೆ ಕಣ್ರೀ.”

“ಅವರ ಬೆನ್ನ ಮೇಲಿತ್ತು” ಎಂದ ಮೆಲ್ಲಗಣ್ಣ.

ತಿರುವಿನಲ್ಲಿ ಬಸ್ಸು ಹೊರಟ ಸದ್ದು ಕೇಳಿಸಿತು. ಅವನು ಆಕೆಯ ಪಕ್ಕ ಕೂತ, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ. ಆಕೆ ಅವನತ್ತ ನೋಡುತ್ತಿರಲಿಲ್ಲ. ಬಿಸಿ ಆರುವುದರೊಳಗೆ ಹತ್ತನ್ನೂ ಮುಟ್ಟಿ ಮುಗಿಸಬೇಕೆಂಬಂತೆ, ಒಂದೊಂದೇ ಕಲ್ಲನ್ನು ಎರಡು ಅಂಗೈ ನಡುವೆ ಹಿಡಿದು, ಮತ್ತೆ ಅದರ ಜಾಗದಲ್ಲೇ ಇಡುತ್ತಿದ್ದಳು.