ಗಂಟಿಲ್ಲದ ನೀಲಿ ಟಾಪು

"ಗಂಟು ಹಾಕಾಕ ಇದೇನ ನಿನ್ನ ಮದವಿ ಅಂತ ತಿಳದಿ ಏನ, ರಂಡೆ? ಕತ್ತರ್ಸು, ಒಗಿ. ಕತ್ತರ್ಸು, ಒಗಿ. ಇಷ್ಟ ನಿನ್ನ ಕೆಲಸ."

ಮಾಲೀಕ ತಾತ್ಯಾಸಾಹೇಬ ಹೀಗೆಂದು ತಂಗೆವ್ವನ ತೊಡೆಯ ಮೇಲಿದ್ದ ನೀಲಿ ಟಾಪನ್ನು ಕಸಿದು ಅವಳ ಮುಖಕ್ಕೇ ಎಸೆದ. ಟಾಪು ತಲೆಯ ಮೇಲೆ ಬಿದ್ದು ಸೆರಗಿನ ಹಾಗೆ ಇಳಿಬಿತ್ತು. ಪಕ್ಕದ ಮಷೀನಿನ ಸುಶೀಲಾಬಾಯಿ ನಗು ತಡೆಯಲಾಗದೆ ಕೆಮ್ಮಿದಳು. ಸಾಂಗಲಿ ಬಳಿಯ ಕುಪವಾಡದ ಕೈಗಾರಿಕಾ ವಸಾಹತಿನ ಆ ತಗಡಿನ ಶೆಡ್ಡಿನಲ್ಲಿ ನಗುವುದಕ್ಕೆ ಅಪ್ಪಣೆ ಇರಲಿಲ್ಲ, ಕೆಮ್ಮುವುದಕ್ಕೆ ಇತ್ತು. ಬಟ್ಟೆಯ ಧೂಳಿಗೆ ಎಲ್ಲರೂ ಹೇಗೂ ಕೆಮ್ಮುತ್ತಿದ್ದರು. ಹಾಗಾಗಿ ಅಲ್ಲಿನ ಹೆಂಗಸರು ನಗು ಬಂದಾಗಲೆಲ್ಲ ಕೆಮ್ಮುವುದನ್ನು ಕಲಿತುಬಿಟ್ಟಿದ್ದರು. ಅವತ್ತು ಶೆಡ್ಡಿಗೆ ಶೆಡ್ಡೇ ಕೆಮ್ಮಿತು.

ತಾತ್ಯಾಸಾಹೇಬನ ಮನೆಮಾತು ಕನ್ನಡ. ಗಿರಾಕಿಗಳಿಗೆ ಮರಾಠಿ, ಬೈಗುಳಕ್ಕೆ ಕನ್ನಡ. ಸಾಂಗಲಿ ಸೀಮೆಯಲ್ಲಿ ಕನ್ನಡವನ್ನು ಉಳಿಸಿದ ಪುಣ್ಯದಲ್ಲಿ ಅವನಿಗೂ ಒಂದು ಪಾಲು ಕೊಡಬೇಕು.

ತಂಗೆವ್ವನ ತಪ್ಪು ಇಷ್ಟೆ. ತಾತ್ಯಾಸಾಹೇಬ ಎಲ್ಲಿಂದಲೋ ತಂದ ಹಳೆಯ ಮಷೀನುಗಳು ಚೀಲದ ಬಾಯಿ ಹೊಲಿಯುವಂಥ ಹೊಲಿಗೆ ಹಾಕುತ್ತಿದ್ದವು. ಒಂದೇ ದಾರ, ಕೊಂಡಿಯೊಳಗೆ ಕೊಂಡಿ, ಕುದುರೆಯ ವೇಗ. ಆ ಹೊಲಿಗೆಯ ಗುಣ ತಂಗೆವ್ವನಷ್ಟು ಚೆನ್ನಾಗಿ ಬಲ್ಲವರು ಶೆಡ್ಡಿನಲ್ಲಿ ಇರಲಿಲ್ಲ. ಇಲ್ಲಿಗೆ ಬರುವ ಮೊದಲು ಹನ್ನೆರಡು ವರ್ಷ ಅವಳು ಸಾಂಗಲಿಯ ಅರಿಷಿಣದ ಗೋದಾಮಿನಲ್ಲಿ ಚೀಲ ಬಿಚ್ಚಿದವಳು. ತಪ್ಪು ತುದಿ ಹಿಡಿದು ಎಳೆದರೆ ಹಲ್ಲು ಮುರಿದರೂ ಚೀಲ ಬಿಚ್ಚುವುದಿಲ್ಲ. ಸರಿಯಾದ ತುದಿ ಸಿಕ್ಕರೆ ಎರಡು ಬೆರಳು ಸಾಕು, ಚೀಲ ಸರ್ರೆಂದು ಬಾಯಿ ಬಿಡುತ್ತದೆ. ಅದಕ್ಕೇ ಗೋದಾಮಿನಲ್ಲಿ ದೂರದ ಊರಿಗೆ ಹೋಗುವ ಚೀಲದ ತುದಿಗೆ ಒಂದು ಗಂಟು ಹಾಕಿ ಕಳಿಸುತ್ತಿದ್ದರು. ಇಲ್ಲದಿದ್ದರೆ ಮಾಲು ಹಾದಿಯ ಪಾಲು. ಈಗ ಶೆಡ್ಡಿನಲ್ಲಿ ಟಾಪುಗಳ ಉಳಿದ ದಾರ ಕತ್ತರಿಸುವ ಕೆಲಸ ಅವಳದು. ಕತ್ತರಿ ಹಿಡಿಯುವ ಮೊದಲೇ ಬೆರಳುಗಳು ತಾವಾಗಿಯೇ ತುದಿ ಹುಡುಕಿ ಗಂಟು ಹಾಕಿಬಿಡುತ್ತಿದ್ದವು. ಇದನ್ನು ಯಾರೋ ಮೈಮೇಲೆ ಹಾಕಿಕೊಂಡು ದೂರ ಹೋಗುತ್ತಾರೆ ಎಂದು ಆ ಬೆರಳುಗಳಿಗೆ ಅನಿಸುತ್ತಿರಬೇಕು. ಗಂಟಿಗೆ ಹೊತ್ತು ಹಿಡಿಯುತ್ತದೆ. ತಾತ್ಯಾಸಾಹೇಬನಿಗೆ ಗಂಟು ಬೇಕಿರಲಿಲ್ಲ, ರಾಶಿ ಬೇಕಿತ್ತು.

ಆ ರಾಶಿಗೊಂದು ಕಾರಣವಿತ್ತು. ಬಾಬಾಸಾಹೇಬರ ಜಯಂತಿ ಹತ್ತಿರ ಬಂದಿತ್ತು. ತಂಗೆವ್ವನ ದಲಿತ ವಸತಿಯವರೆಲ್ಲ ಜಯಂತಿಗೆ ಹೊಸ ಬಟ್ಟೆ ಹಾಕುವುದು ವಾಡಿಕೆ. ಅದನ್ನು ಬಲ್ಲ ತಾತ್ಯಾಸಾಹೇಬ ಸಾಂಗಲಿಯ ವಿಶ್ರಾಮಬಾಗದಲ್ಲಿ ಸೊಸೆಯ ಹೆಸರಿನಲ್ಲಿ ಇಟ್ಟಿದ್ದ 'ವೃಷಾಲಿ ಫ್ಯಾಶನ್' ಅಂಗಡಿಯಲ್ಲಿ ನೀಲಿ ಟಾಪುಗಳ ಸೇಲು ಹಾಕಿದ್ದ. ಒಂದಕ್ಕೆ ನೂರಾ ತೊಂಬತ್ತೊಂಬತ್ತು. ವರ್ಷವಿಡೀ ಈ ಜನರ ನೆರಳು ಕಂಡರೆ ಮೂಗು ಮುರಿಯುವವನಿಗೆ ಏಪ್ರಿಲಿನಲ್ಲಿ ನೀಲಿ ಬಣ್ಣದ ಮೇಲೆ ವಿಪರೀತ ಭಕ್ತಿ.

ತಂಗೆವ್ವನ ಮಗಳು ಸಪನಾ ಅದೇ ವಿಶ್ರಾಮಬಾಗದ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಳು. ಈ ಸಲ ಜಯಂತಿಯ ವೇದಿಕೆಯ ಮೇಲೆ ಅವಳ ಭಾಷಣ. ಅವಳು ಕೇಳಿದ್ದೂ ಒಂದೇ. ಸಂತೆಯ ರಾಶಿಯಿಂದ ಹೆಕ್ಕಿ, ಬೆನ್ನಿಗೆ ಹಿಡಿದು ಅಳತೆ ನೋಡಿ ತಂದ ಬಟ್ಟೆ ಬೇಡ. ಕಾಲೇಜಿನ ಹುಡುಗಿಯರು ಆ ಅಂಗಡಿಯ ಟ್ರಾಯಲ್ ರೂಮಿಗೆ ಹೋಗಿ, ಹಾಕಿಕೊಂಡು, ಹೊರಗೆ ಬಂದು ದೊಡ್ಡ ಕನ್ನಡಿಯ ಮುಂದೆ ಒಂದು ಸುತ್ತು ತಿರುಗುವುದನ್ನು ಅವಳು ಗಾಜಿನಾಚೆಯಿಂದ ಎರಡು ವರ್ಷ ನೋಡಿದ್ದಳು.

"ಆಯಿ, ಏಕದಾ ತರೀ ಹಾಕ್ಕೊಂಡು ಬಘತೇನಿ. ಹಾಕ್ಕೊಂಡು ಬಘೂನ ಮಗ ತಗೋಣು," ಎಂದಿದ್ದಳು. ಒಮ್ಮೆಯಾದರೂ ಹಾಕಿಕೊಂಡು ನೋಡಿ, ಆಮೇಲೆ ಕೊಳ್ಳೋಣ ಎಂದು ಅದರರ್ಥ. ಅವಳ ಕನ್ನಡ ಅಷ್ಟೇ. ಅರ್ಧ ದಾರಿಯಲ್ಲಿ ಮರಾಠಿ ಬಸ್ಸು ಹತ್ತಿಬಿಡುತ್ತಿತ್ತು.

ತಂಗೆವ್ವನಿಗೆ ಆ ಅಂಗಡಿಯ ಟಾಪು ತರುವ ಮನಸ್ಸಿರಲಿಲ್ಲ. ಬುತ್ತಿ ಬಿಚ್ಚಿದಾಗ ಸುಶೀಲಾಬಾಯಿಯೊಡನೆ ಇದೇ ವಾದ. ಎರಡು ಸಲ ಒಗೆದರೆ ಮುಗಿಯಿತು, ಬಣ್ಣ ಬಕೀಟಿಗೆ, ಹೊಲಿಗೆ ದೇವರಿಗೆ. ನಮ್ಮ ಕೈಯಿಂದ ಕೆಟ್ಟದ್ದು ಮಾಡಿಸಿ, ನಮಗೇ ಅದನ್ನು ಮಾರಿ, ಹರಿದ ಮೇಲೆ ಇನ್ನೊಂದು ಮಾರುತ್ತಾನೆ, ಇದ್ಯಾವ ನ್ಯಾಯ ಎಂದು ತಂಗೆವ್ವ ರೊಟ್ಟಿ ಮುರಿದಳು. ಸುಶೀಲಾಬಾಯಿ ಅವಳಿಗಿಂತ ಹದಿನೈದು ವರ್ಷ ದೊಡ್ಡವಳು. ಮೆಣಸಿನಕಾಯಿ ಕಚ್ಚಿ, ಸಾವಕಾಶವಾಗಿ ನುಂಗಿ ಹೇಳಿದಳು.

"ನನ್ನ ಮದವ್ಯಾಗ ನಾ ಉಟ್ಟಿದ್ದು ಗೌಡರ ವಾಡೇದ ಮುದಕಿ ಸತ್ತಾಗ ಆಕಿ ಮೈಮ್ಯಾಲಿಂದ ತಗದ ಸೀರಿ. ಗೊತ್ತೈತೇನ ನಿನಗ? ಇದು ಎರಡ ಒಗಿತಕ್ಕ ಹರಿತೈತಿ ಅಂತಿ. ಹರೀಲಿ ಬಿಡವಾ. ಹೊಸಾದು ಹರಿತೈತಲ್ಲ."

ತಂಗೆವ್ವ ಬುತ್ತಿ ಮುಚ್ಚಿ, ಆಗಲಿ ಎಂದಳು. ರಜೆಯ ದಿನ ಸಪನಾಳನ್ನು ಕರೆದುಕೊಂಡು ಮೂವರೂ ಕೂಡಿ ಅಂಗಡಿಗೆ ಹೋಗುವುದೆಂದು ಮಾತಾಯಿತು.

ಹೋದರು. ಎಸಿಯ ತಂಪಿಗೆ ಸುಶೀಲಾಬಾಯಿ ಬಾಗಿಲಲ್ಲೇ ಒಂದು ಸಲ ಸೀನಿ, ಇಲ್ಲಿ ಮನೆ ಮಾಡಿಕೊಂಡು ಇದ್ದುಬಿಡೋಣ ಎಂದಳು. ತಾವೇ ಹೊಲಿದು, ಕತ್ತರಿಸಿ, ಮಡಚಿ, ಮೂಟೆ ಕಟ್ಟಿದ ಟಾಪುಗಳು ಇಲ್ಲಿ ಬೆಳಕಿನಲ್ಲಿ ಸಾಲಾಗಿ ತೂಗುತ್ತಿರುವುದನ್ನು ಕಂಡು ಇಬ್ಬರಿಗೂ ತವರಿನವರು ಸಿಕ್ಕಷ್ಟು ಸಂತೋಷ. ಇದು ನೀ ಹೊಲಿದದ್ದು, ಇದರ ತೋಳು ಸೊಟ್ಟ, ಅದು ನಿನ್ನದೇ ಎಂದು ಗುರುತು ಹಿಡಿಯುತ್ತ ನಡೆದರು. ಸೊಸೆ ವೃಷಾಲಿ ತನಗೆ ಪುಣೆಯಿಂದ ಬಟ್ಟೆ ತರಿಸಿಕೊಳ್ಳುವವಳು. ಆದರೆ ಅವತ್ತು ಫೋನಿನಲ್ಲಿ ಸೇಲಿನ ವೀಡಿಯೊ ಮಾಡಬೇಕಿದ್ದುದರಿಂದ ತಾನೂ ಅಂಗಡಿಯ ನೀಲಿ ಟಾಪು ಹಾಕಿದ್ದಳು.

ಸಪನಾ ಒಂದು ಟಾಪನ್ನು ಆರಿಸಿ, ಎರಡೂ ಕೈಯಲ್ಲಿ ಹಿಡಿದು ಟ್ರಾಯಲ್ ರೂಮಿನ ಕಡೆ ಹೊರಟಳು. ವೃಷಾಲಿ ಅವಳನ್ನು ನೋಡಿ, ಹಿಂದೆ ನಿಂತ ತಂಗೆವ್ವನನ್ನು ನೋಡಿ, ದುಡ್ಡೆಣಿಸುತ್ತ ಕೂತ ಮಾವನ ಕಡೆ ಕಣ್ಣು ಹಾಯಿಸಿ, ಟ್ರಾಯಲ್ ಬಂದ್ ಇದೆ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು. ಆ ಮಾತು ಮುಗಿಯುವಷ್ಟರಲ್ಲೇ ಟ್ರಾಯಲ್ ರೂಮಿನ ಬಾಗಿಲು ತೆರೆದು ಒಬ್ಬ ಹುಡುಗಿ ಹೊರಬಂದಳು. ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, ಬೇಡವೆಂದು ಟಾಪನ್ನು ಸ್ಟೂಲಿನ ಮೇಲೆ ಬಿಸಾಕಿ ಹೋದಳು. ಸಪನಾ ಅಲ್ಲೇ ನಿಂತಿದ್ದಳು. ತಾತ್ಯಾಸಾಹೇಬ ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದ.

"ಏ ತಂಗೆವ್ವಾ, ಶೆಡ್ಡಿನ ಮಂದಿ ಶೆಡ್ಡಿನ್ಯಾಗ ಇರಬೇಕು. ತಗೋತಿದ್ರ ತಗೋ, ಇಲ್ಲಂದ್ರ ಹಾದಿ ಹಿಡಿ. ನಿನ್ನ ಮಗಳು ಮೈಮ್ಯಾಲ ಹಾಕ್ಕೊಂಡು ಬಿಟ್ಟಿದ್ದನ್ನ ಆಮ್ಯಾಲ ಯಾರ ಮುಟ್ಟತಾರ?"

ಅಂಗಡಿ ತುಂಬ ಗಿರಾಕಿಗಳು. ಹ್ಯಾಂಗರುಗಳನ್ನು ಸರಿಸುವ ಸದ್ದು ನಿಂತಿತು. ಸಪನಾ ತಲೆ ತಗ್ಗಿಸಿ ಟಾಪನ್ನು ಮಡಚತೊಡಗಿದಳು. ತೋಳು ಒಳಗೆ, ಅಂಚು ಮೇಲೆ, ಅವ್ವ ಶೆಡ್ಡಿನಲ್ಲಿ ಮಡಚುವ ಹಾಗೆಯೇ ಅಚ್ಚುಕಟ್ಟಾಗಿ. ಭಾಷಣ ಮಾಡಬೇಕಾದ ಹುಡುಗಿಯ ಕೈಗೆ ಆ ಮಡಿಕೆ ಇಷ್ಟು ಸಲೀಸಾಗಿ ಬಂದದ್ದನ್ನು ಕಂಡು ತಂಗೆವ್ವ ಮಗಳನ್ನು ದಾಟಿ ಮುಂದೆ ಬಂದಳು.

"ಸಾಹೇಬರ," ಎಂದಳು, "ಈ ಅಂಗಡ್ಯಾಗಿನ ಒಂದೊಂದು ಟಾಪೂ ನನ್ನ ತೊಡಿಮ್ಯಾಲ ಮಲಗಿ ಬಂದಾವು. ನನ್ನ ಬೆವರ ಒರಸೇನಿ ಇದರಾಗ. ಸುಶೀಲಾಬಾಯಿ ಕೆಮ್ಮ್ಯಾಳ ಇದರಮ್ಯಾಲ. ತೊಳದ ಮಾರತೀರೇನು?"

ಒಬ್ಬ ಗಿರಾಕಿ ಹೆಂಗಸು ಕೈಯಲ್ಲಿದ್ದ ಟಾಪನ್ನು ಮೂಗಿನ ಹತ್ತಿರ ಒಯ್ದಳು. ತಾತ್ಯಾಸಾಹೇಬನ ಮುಖ ಕೆಂಪಗಾಯಿತು.

"ನಾಳಿಂದ ಶೆಡ್ಡಿನ ಮಾರಿ ನೋಡಬ್ಯಾಡ, ಭಾಡಕೋ. ನಡಿ ಹೊರಗ."

ಕೆಲಸ ಹೋಯಿತು. ಹೋಗಬಹುದೆಂದು ಹೆದರಿ ಹೆದರಿ ಆರು ವರ್ಷ ತಲೆ ತಗ್ಗಿಸಿದ್ದು ಒಂದೇ ಮಾತಿಗೆ ಹೋಯಿತು. ಎದೆ ಒಡೆಯಬೇಕಿತ್ತು, ಆದರೆ ತಂಗೆವ್ವನಿಗೆ ತಲೆಯ ಮೇಲಿನ ಹೊರೆ ಯಾರೋ ಇಳಿಸಿಕೊಂಡಂತಾಯಿತು. ಮೈ ಹಗುರ, ಕಾಲು ಹಗುರ, ಬೆರಳಂತೂ ತೀರ ಹಗುರ. ಪಕ್ಕದಲ್ಲೇ ನೀಲಿ ಟಾಪು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ಒಂದು ಬೊಂಬೆ ನಿಂತಿತ್ತು. ಅದರ ಅಂಚಿನಲ್ಲಿ, ಬೈಸಿಕೊಂಡು ಗಂಟು ಹಾಕದೆ ಬಿಟ್ಟ ಒಂದು ತುದಿ ಅವಳನ್ನೇ ಕಾಯುತ್ತಿತ್ತು.

ಹಿಡಿದಳು. ಎಳೆದಳು. ಸರ್ರ್.

ಅಂಚಿನಿಂದ ಬಗಲಿಗೆ, ಬಗಲಿನಿಂದ ಮುಂಗೈಗೆ, ಹೊಲಿಗೆ ನಿಲ್ಲದೆ ಓಡಿತು. ಆ ಕಡೆಗೂ ಹೋಗಿ ಇನ್ನೊಂದು ತುದಿ ಎಳೆದಳು. ಟಾಪು ಕ್ಷೌರಕ್ಕೆ ಕೂತವನ ಕೊರಳಿಗೆ ಸುತ್ತಿದ ಬಟ್ಟೆಯ ಹಾಗೆ ಬೊಂಬೆಯ ಕುತ್ತಿಗೆಗೆ ಜೋತುಬಿತ್ತು. ಸುಶೀಲಾಬಾಯಿ ಅಭ್ಯಾಸಬಲದಿಂದ ಕೆಮ್ಮಲು ಹೋದಳು. ಇದು ಶೆಡ್ಡು ಅಲ್ಲವೆಂದು ಅರ್ಧ ಕೆಮ್ಮಿನಲ್ಲಿ ನೆನಪಾಗಿ, ಆರು ವರ್ಷದ ನಗುವನ್ನು ಒಟ್ಟಿಗೇ ನಕ್ಕುಬಿಟ್ಟಳು.

"ಕುಂಬಾರಗ ವರುಷ, ದೊಣ್ಣಿಗಿ ನಿಮಿಷ," ಎಂದು ಕಣ್ಣೊರೆಸಿಕೊಂಡಳು.

ನಗು ಅಂಟುರೋಗ. ಗಿರಾಕಿಗಳಲ್ಲಿ ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ಬಾಯಿಗೆ ಓಢಣಿ ತುರುಕಿಕೊಂಡಳು. ತಾತ್ಯಾಸಾಹೇಬ ಪೊಲೀಸು ಎಂದು ಕೂಗುತ್ತ ಮುಂದೆ ಬಂದ. ವೃಷಾಲಿ ಬೊಂಬೆಯ ಮಾನ ಮುಚ್ಚಲು ಓಡಿಬಂದು ಬಗ್ಗಿದಳು. ಬಗ್ಗಿದ್ದೇ ತಡ, ಅವಳ ಟಾಪಿನ ಅಂಚು ತಂಗೆವ್ವನ ಕಣ್ಣ ಮುಂದೆ ಬಂತು. ಬೆರಳುಗಳು ಕೇಳದೆ ಹೇಳದೆ ತುದಿ ಹಿಡಿದುಬಿಟ್ಟವು.

"ವೈನೀ, ಅಲಗಾಡಬ್ಯಾಡ್ರಿ," ಎಂದಳು ತಂಗೆವ್ವ, ಅತ್ತಿಗೆ ಎನ್ನುವ ಮರ್ಯಾದೆಯಲ್ಲಿ. "ನಾ ಎಳಿಯಾಂಗಿಲ್ರಿ. ನಾನೂ ಹೆಣ್ಣಮಗಳ ಅದೇನಿ. ಬರೇ ಹಿಡಕೊಂಡಿರತೇನಿ."

ತಾತ್ಯಾಸಾಹೇಬ ಇನ್ನೊಂದು ಹೆಜ್ಜೆ ಇಟ್ಟ.

"ಮಾಮಾ, ಅಲ್ಲೇ ನಿಂದರ್ರಿ," ಎಂದು ವೃಷಾಲಿ ಚೀರಿದಳು. ಅವನು ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿದು, ಮೆಲ್ಲಗೆ ಹಿಂದಕ್ಕಿಟ್ಟ.

"ಸಪನಾ," ಎಂದಳು ತಂಗೆವ್ವ, "ಒಳಗ ಹೋಗು. ಚಿಲಕ ಹಾಕ್ಕೋ. ಸಾವಕಾಶ ನೋಡ್ಕೋ. ಗಡಬಡ ಇಲ್ಲ."

ಸಪನಾ ಒಳಗೆ ಹೋದಳು. ಚಿಲಕದ ಸದ್ದು ಅಂಗಡಿಗೆಲ್ಲ ಕೇಳಿಸಿತು. ಆಮೇಲೆ ಅವಳೇನೂ ಅವಸರ ಮಾಡಲಿಲ್ಲ. ಒಂದು ಸೈಜು ಬಿಗಿಯಾಯಿತು, ಇನ್ನೊಂದು ಬೇಕೆಂದಳು, ಸುಶೀಲಾಬಾಯಿ ಬಾಗಿಲ ಮೇಲಿನಿಂದ ಕೊಟ್ಟಳು. ಅದು ಸಡಿಲವಾಯಿತು, ಮತ್ತೊಂದು ಕೊಟ್ಟಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಭಾಷಣದ ಮೊದಲ ಸಾಲುಗಳು ಕೇಳಿಬಂದವು. ಒಳಗಿನ ಕನ್ನಡಿಗೆ ಜಯಭೀಮ ಹೇಳಿ ಹುಡುಗಿ ತನ್ನ ಹೆಸರು ಹೇಳುತ್ತಿದ್ದಳು, ಮೊದಲು ಮೆಲ್ಲಗೆ, ಆಮೇಲೆ ಮೈಕಿನ ಮುಂದೆ ನಿಂತವಳ ಹಾಗೆ. ಹೊರಗೆ ತಂಗೆವ್ವ ಸ್ಟೂಲಿನ ಮೇಲೆ ದಾರ ಹಿಡಿದು ಕೂತಿದ್ದಳು. ವೃಷಾಲಿ ಉಸಿರು ಬಿಗಿಹಿಡಿದು ನಿಂತಿದ್ದಳು. ಎರಡು ಮಾರು ದೂರದಲ್ಲಿ ತಾತ್ಯಾಸಾಹೇಬ ಗರುಡಗಂಬದಂತೆ ನೆಟ್ಟಗೆ ನಿಂತಿದ್ದ.

ಹೊತ್ತು ಹೋದಂತೆ ವೃಷಾಲಿಯ ಹೆದರಿಕೆ ಇಳಿಯಿತು. ಅಂಗಡಿಯ ಟಾಪುಗಳೆಲ್ಲ ಹೀಗೆಯೇ ಏನು ಎಂದು ಪಿಸುಮಾತಿನಲ್ಲಿ ಕೇಳಿದಳು.

"ಎಲ್ಲಾ ಹಿಂಗ ಅದಾವ್ರಿ ವೈನಿ. ನಾ ಬೈಸಿಕೊಂಡು ಗಂಟ ಹಾಕಿದ್ದು ಬಿಟ್ಟು."

ಪಿಸುಮಾತಿಗೆ ಉತ್ತರ ಪಿಸುಮಾತಿನಲ್ಲೇ ಬರಬೇಕಿತ್ತು. ತಂಗೆವ್ವನಿಗೆ ಮಷೀನುಗಳ ನಡುವೆ ಮಾತಾಡಿ ಗಂಟಲು ದೊಡ್ಡದಾಗಿತ್ತು. ಇಡೀ ಅಂಗಡಿ ಕೇಳಿಸಿಕೊಂಡಿತು. ಹಿಂದಿನ ವಾರ ಇಲ್ಲಿಯೇ ಕೊಂಡದ್ದನ್ನು ತೊಟ್ಟು ಬಂದಿದ್ದ ಹೆಂಗಸರೆಲ್ಲ ಸಟ್ಟನೆ ತಮ್ಮ ತಮ್ಮ ಬಗಲು ಹಿಡಿದುಕೊಂಡು, ಯಾರ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿಕೊಂಡರು.

ಸಪನಾ ಹೊರಬಂದಳು. ನೀಲಿ ಟಾಪು ಅವಳಿಗೆ ಒಪ್ಪಿತ್ತು. ದೊಡ್ಡ ಕನ್ನಡಿಯ ಮುಂದೆ ನಿಂತು ಒಂದು ಸುತ್ತು ತಿರುಗಿದಳು. ಯಾರೂ ತಡೆಯಲಿಲ್ಲವೆಂದು ಇನ್ನೊಂದು ಸುತ್ತೂ ತಿರುಗಿದಳು. ತಂಗೆವ್ವ ಕೂತಲ್ಲಿಂದಲೇ ಇನ್ನೊಂದು ಕೈ ಚಾಚಿ ಮಗಳ ಟಾಪಿನ ಅಂಚು ತಡವಿದಳು. ಎಳ್ಳು ಕಾಳಿನಷ್ಟು ಗಟ್ಟಿಯಾದದ್ದೊಂದು ಬೆರಳಿಗೆ ಹತ್ತಿತು. ಅವಳದೇ ಗಂಟು.

"ಇದನ್ನ ತಗೋ," ಎಂದಳು.

ಸುಶೀಲಾಬಾಯಿ ಗಲ್ಲಾಪೆಟ್ಟಿಗೆಯ ಮೇಲೆ ದುಡ್ಡಿಟ್ಟು ಬಂದಳು. ಆಮೇಲೆ ತಂಗೆವ್ವ ವೃಷಾಲಿಯ ದಾರವನ್ನು ಬೆರಳಿಗೆ ಸುತ್ತಿ, ಕೊಂಡಿಯೊಳಗೆ ತೂರಿಸಿ, ಹಿಡಿದೆಳೆದು ಬಿಗಿದಳು. ಉಳಿದದ್ದನ್ನು ಹಲ್ಲಿನಿಂದ ಕಡಿದು ಪಕ್ಕಕ್ಕೆ ಉಗುಳಿದಳು. ಎರಡು ಕ್ಷಣದ ಕೆಲಸ.

"ಈಗ ಎಲ್ಲಿ ಬೇಕಾದ್ರ ಅಲ್ಲಿ ಅಡ್ಡಾಡ್ರಿ ವೈನೀ, ಬಿಚ್ಚಂಗಿಲ್ಲ." ಎದ್ದು ನಿಂತು, ಗೋಡೆಯುದ್ದ ತೂಗುತ್ತಿದ್ದ ಟಾಪುಗಳ ಕಡೆ ಕೈ ತೋರಿಸಿ ತಾತ್ಯಾಸಾಹೇಬನಿಗೆ ಹೇಳಿದಳು. "ಉಳಿದೂವಕ್ಕ ಗಂಟ ನೀವ ಹಾಕ್ಕೋರಿ."

ಮೂವರೂ ಬಿಸಿಲಿಗೆ ಬಂದರು. ಸಪನಾ ಹೊಸ ಟಾಪನ್ನು ತೆಗೆಯದೆ ಹಾಗೇ ನಡೆದಳು. ನಾಳೆ ಏನು ಮಾಡುತ್ತೀ ಎಂದು ಸುಶೀಲಾಬಾಯಿ ಕೇಳಿದಳು. ತಂಗೆವ್ವ ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಅಂಗಡಿಯೊಳಗಿನಿಂದ ಸರ್ರ್ ಎಂದು ಸದ್ದಾಯಿತು. ಯಾರೋ ಹೆಂಗಸು ನಕ್ಕಳು. ಸ್ವಲ್ಪ ತಡೆದು ಮತ್ತೊಂದು ಕಡೆ ಸರ್ರ್ ಎಂದಿತು.