ನಡುವಿಗೆ ಮುರಿದ ಕಡ್ಡಿ

ಭಾದ್ರಪದದ ಬಿಸಿಲು ಆಗಷ್ಟೇ ಚುರುಕಾಗಿತ್ತು. ಬೆಳಗಿನ ಹತ್ತು ಗಂಟೆ ಇರಬೇಕು. ಹಡಪಸರದ ಗಿರಣಿಯಿಂದ ಜೋಳದ ಹಿಟ್ಟಿನ ಚೀಲವನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಹೇರಿಕೊಂಡು ಹೊರಟಿದ್ದ ಬಿಂದುಮಾಧವನಿಗೆ ಹಿಂದಿನ ಗಾಲಿಯಲ್ಲಿ ಟಣ್ ಎಂದದ್ದು ಕೇಳಿಸಿತು. ಇಳಿದು ನೋಡಿದರೆ ಒಂದು ಕಡ್ಡಿ ಬುಡದಲ್ಲೇ ಮುರಿದು ನೇತಾಡುತ್ತಿತ್ತು.

"ಅಯ್ಯ, ಇದಕ್ಕ ಇವತ್ತ ಮುರೀಬೇಕಿತ್ತ?" ಎಂದು ಗೊಣಗಿಕೊಂಡ.

"ಕಡ್ಡಿಗೇನ ಪಂಚಾಂಗ ಗೊತ್ತಿರತದೇನ್ರಿ? ತರ್ರಿ ಇಲ್ಲೆ."

ರಸ್ತೆಯಂಚಿನಲ್ಲಿ ತಾಡಪತ್ರಿ ಕಟ್ಟಿದ ಸೈಕಲ್ ರಿಪೇರಿ ಅಂಗಡಿಯಿಂದ ಬಂದ ಮಾತು. ಗಾಳಿ ಹೊಡೆಯುತ್ತಿದ್ದವನು ತಲೆ ಎತ್ತಿ ನಗುತ್ತಿದ್ದ. ಹೆಸರು ಮಧುಕರ, ಸಂಕೇಶ್ವರದ ಕಡೆಯವನು, ವಯಸ್ಸು ಅರವತ್ತರ ಹತ್ತಿರ.

ಬಿಂದುಮಾಧವನಿಗೆ ಎಪ್ಪತ್ತೆರಡು. ನಲವತ್ತು ವರ್ಷ ಒಂದೇ ಖಾನಾವಳಿಯ ಒಲೆಯ ಮುಂದೆ ನಿಂತು, ಈಗ ಕೈ ನಡುಗುತ್ತದೆಂದು ಹಿಟ್ಟು ತರುವ ಕೆಲಸಕ್ಕೆ ಬಂದಿದ್ದ. ಅಲ್ಲಿ ಎಲ್ಲರೂ ಮರಾಠಿ, ಹಿಂದಿ. ಹೆಂಡತಿ ಕೃಷ್ಣಾಬಾಯಿ ತೀರಿಕೊಂಡು ಮೂರು ವರ್ಷ. ಅವಳ ಜೊತೆಗೇ ಅವನ ಮನೆಯ ಮಾತೂ ಹೋಗಿತ್ತು. ದೇವರ ಮುಂದೆ ಕೈ ಮುಗಿದಾಗ ಬಿಟ್ಟರೆ ಬಾಯಲ್ಲಿ ಕನ್ನಡ ಬರುತ್ತಿರಲಿಲ್ಲ. ಅವತ್ತು ಅರ್ಧ ಗಂಟೆ ಹಳೇ ಟೈರಿನ ಮೇಲೆ ಕೂತು ಆಡಿದಷ್ಟು ಮಾತು ಅವನು ಆ ಮೂರು ವರ್ಷದಲ್ಲಿ ಆಡಿರಲಿಲ್ಲ.

ಎಂಟು ದಿನಕ್ಕೆ ಇನ್ನೊಂದು ಕಡ್ಡಿ ಮುರಿಯಿತು. ಮತ್ತೆ ಹತ್ತು ದಿನಕ್ಕೆ ಮತ್ತೊಂದು.

"ಆಚಾರ್ರ, ನಲವತ್ತು ಕಡ್ಡಿ ಅದಾವ. ಒಂದ ಮುರದರ ಅದರ ಭಾರ ಉಳದವರ ಮ್ಯಾಲೆ ಬೀಳತದ. ಎಲ್ಲಾ ದಣದಾವ. ಪೂರಾ ತಗದು ಹೊಸಾವು ಕಟ್ಟೂಣ."

"ಬ್ಯಾಡ. ಮುರದದ್ದೊಂದ ಬದಲಿಸು."

"ಕೈ ಭಾಳ ಬಿಗಿ ನಿಮ್ದು. ಪಲ್ಯಾಕ್ಕ ಎಣ್ಣಿನೂ ಹಿಂಗ ಹಾಕತಿದ್ರೇನು?"

ಬಿಂದುಮಾಧವ ನಕ್ಕ. ಜಿಪುಣನೆಂದುಕೊಂಡರೆ ಅಂದುಕೊಳ್ಳಲಿ. ಗಾಲಿ ಪೂರಾ ಗಟ್ಟಿಯಾದರೆ ಇಲ್ಲಿಗೆ ಬರಲು ನೆಪ ಯಾವುದು? ಹೊಳೆಯ ಮಹಾಪೂರ, ಹುಗ್ಗಿಗೆ ಎಷ್ಟು ಬೆಲ್ಲ, ಮಧುಕರನ ತಾಯಿ ಬಯ್ಯುತ್ತಿದ್ದ ಬೈಗುಳ, ಎಲ್ಲ ಆ ಒಂದೊಂದು ಕಡ್ಡಿಯ ಲೆಕ್ಕಕ್ಕೆ ಬಂದವು. ಮಧುಕರನ ಹೆಂಡತಿಗೂ ಕನ್ನಡ ಬಾರದು. ತಾಯಿ ಹೋದಮೇಲೆ ಆ ಬೈಗುಳ ಕೇಳುವವರು ಅವನಿಗೂ ಇರಲಿಲ್ಲ.

ದೀಪಾವಳಿಯ ಮುಂದೆ ಒಟ್ಟಿಗೆ ಎರಡು ಕಡ್ಡಿ ಹಾಕಿಸಿದ ಮೇಲೆ ಹದಿನೆಂಟು ದಿನ ಒಂದೂ ಮುರಿಯಲಿಲ್ಲ. ದಿನಬಿಟ್ಟು ದಿನ ಅಂಗಡಿಯ ಮುಂದೆಯೇ ಹಾದು ಹೋಗುತ್ತಿದ್ದ. ಮಧುಕರ ಕೈ ಎತ್ತುತ್ತಿದ್ದ, ಇವನೂ ಕೈ ಎತ್ತುತ್ತಿದ್ದ. ಸುಮ್ಮನೆ ಹೋಗಿ ಕೂಡುವುದು ಬಿಂದುಮಾಧವನಿಂದ ಆಗಲಿಲ್ಲ. ಕೆಲಸವಿಲ್ಲದೆ ಒಲೆಯ ಹತ್ತಿರ ಬಂದು ನಿಂತವರನ್ನು ತಾನೇ ಎಷ್ಟು ಸಲ ಅಟ್ಟಿರಲಿಲ್ಲ?

ಹತ್ತೊಂಬತ್ತನೆಯ ಬೆಳಗ್ಗೆ ತಂತಿ ಕತ್ತರಿಸುವ ಪಕ್ಕಡ ತಂದು, ತಾನಿರುವ ಖೋಲಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಡ್ಡಿಯನ್ನು ಕತ್ತರಿಸಿದ.

ಅಂಗಡಿಯಲ್ಲಿ ಮಧುಕರ ಗಾಲಿ ತಿರುವಿ ಕಡ್ಡಿಯ ತುದಿಯ ಮೇಲೆ ಬೆರಳಾಡಿಸಿದ. ತಾನಾಗಿ ಮುರಿದದ್ದು ಬುಡದಲ್ಲಿ ಮುರಿಯುತ್ತದೆ, ಒರಟಾಗಿ, ಕಪ್ಪಾಗಿ. ಇದು ನಟ್ಟ ನಡುವೆ ಎರಡೂ ಕಡೆ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಬಿಂದುಮಾಧವ ಹೋಗುವ ಬರುವ ಬಸ್ಸು ನೋಡುತ್ತ ನಿಂತಿದ್ದ.

"ಭಾಳ ಶಾಣ್ಯಾ ಕಡ್ಡಿ ಅದ ಬಿಡ್ರಿ ಇದು. ನಡುವಿಗೇ ಮುರದದ."

"ಹಿಟ್ಟಿನ ಭಾರ..."

"ಹೌದ್ರಿ. ಹಿಟ್ಟಿಗೆ ಹಲ್ಲ ಬಂದಾವ."

ಬಿಂದುಮಾಧವನ ಕಿವಿ ಕಾದವು. ಮಧುಕರ ಬಯ್ಯಲಿಲ್ಲ. ಹೊಸ ಕಡ್ಡಿ ಕೂಡಿಸಿ, ಎರಡು ಕಪ್ ಚಹಾ ತರಿಸಿದ.

"ಗಾಲಿ ನೆಟ್ಟಗಿದ್ದಾಗೂ ಬಂದ್ರ ನಾ ಏನ ಅಟ್ಟತಿದ್ನೇನ್ರಿ?" ಎಂದ. ಕಪ್ಪಿನ ತಳ ನೋಡುತ್ತ ಮತ್ತೆ ಹೇಳಿದ: "ರಸ್ತೆ ಅಗಲ ಮಾಡತಾರಂತ, ಈ ಜಾಗಾ ಹೋಗತದ. ಶಿರೂರಾಗ ನಮ್ಮ ತಮ್ಮನ ಅಂಗಡಿ ಅದ. ಮುಂದಿನ ಬುಧವಾರ ಹೊಂಟೇವಿ."

ಬಿಂದುಮಾಧವ ಕಪ್ಪನ್ನು ಕೆಳಗಿಟ್ಟ.

"ಅದಕ್ಕ ಮಂಗಳವಾರ ಸೈಕಲ್ ತರ್ರಿ. ಪೂರಾ ಗಾಲಿ ಕಟ್ಟಿ ಕೊಡತೇನಿ."

"ಬ್ಯಾಡ ಅಂದೆನಲ್ಲೋ!"

"ನಾ ಹೋದಮ್ಯಾಲೆ ಲಾರಿ ಮುಂದ ಗಾಲಿ ಕುಸದರ? ಆವಾಗ ಯಾರ್ನ ಕರೀತೀರಿ?"

ಮಂಗಳವಾರ ಬೆಳಗ್ಗೆ ಬಿಂದುಮಾಧವ ಸೈಕಲ್ ತಳ್ಳಿಕೊಂಡೇ ಬಂದ. ಮಧುಕರ ಹಳೆಯ ಕಡ್ಡಿಗಳನ್ನೆಲ್ಲ ಬಿಚ್ಚಿ ಗುಡ್ಡೆ ಹಾಕಿ, ಹೊಸ ಕಡ್ಡಿಗಳ ಕಟ್ಟನ್ನು ಅವನ ತೊಡೆಯ ಮೇಲಿಟ್ಟ.

"ಸುಮ್ಮನ ಕೂಡಬ್ಯಾಡ್ರಿ, ಒಂದೊಂದ ಕೊಡ್ರಿ."

ಬಿಂದುಮಾಧವ ಕೊಡುತ್ತ ಹೋದ. ಹತ್ತು, ಇಪ್ಪತ್ತರ ತನಕ ಮಾತು ಜೋರಾಗಿಯೇ ನಡೆಯಿತು. ಮೂವತ್ತು ದಾಟಿದ ಮೇಲೆ ಅವನ ಕೈ ನಿಧಾನವಾಗತೊಡಗಿತು. ಕಡ್ಡಿಯನ್ನು ಒರೆಸುತ್ತಿದ್ದ, ನೆಟ್ಟಗಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಮಧುಕರ ಅಂಗೈ ಚಾಚಿಕೊಂಡು ಕಾಯುತ್ತಿದ್ದ. ಬೇಗ ಕೊಡ್ರಿ ಎಂದು ಒಮ್ಮೆಯೂ ಅನ್ನಲಿಲ್ಲ. ಕೊನೆಯದು ಕೂಡಿ, ಓಲಾಟ ತೆಗೆದು ತಿರುಗಿಸಿದಾಗ ಗಾಲಿ ಸದ್ದಿಲ್ಲದೆ ಒಂದೇ ಸಮ ಓಡಿತು.

"ಎರಡ ವರ್ಷ ಚಿಂತಿ ಇಲ್ಲ," ಎಂದ ಮಧುಕರ.

"ಹೂಂ," ಎಂದ ಬಿಂದುಮಾಧವ.

ಮರುದಿನ ಹಿಟ್ಟು ತರುವ ದಿನವಲ್ಲ. ಆದರೂ ಹೋದ. ತಾಡಪತ್ರಿ ಮಡಚಿ ಟೆಂಪೋದಲ್ಲಿಟ್ಟಾಗಿತ್ತು. ಹೆಂಡತಿ ಮುಂದೆ ಕೂತಿದ್ದಳು, ಮಧುಕರ ಹಿಂದೆ ಸಾಮಾನಿನ ಮೇಲೆ.

"ಆಚಾರ್ರ, ಮುಂದಿನ ಗಾಲ್ಯಾಗ ಗಾಳಿ ಕಡಿಮಿ ಅದ, ಹೊಡಸ್ಕೋರಿ!" ಎಂದು ಅಲ್ಲಿಂದಲೇ ಕೂಗಿದ.

ಯಾರ ಹತ್ತಿರ ಹೊಡೆಸಲಿ ಎಂದು ಕೇಳುವಷ್ಟರಲ್ಲಿ ಟೆಂಪೋ ತಿರುವು ದಾಟಿತ್ತು. ಮಧುಕರ ಹೋದದ್ದು ಹೀಗೆ, ಕಾರ್ತಿಕದ ಕಡೆಯ ಬುಧವಾರ.