ನೆಪ್ಚೂನ್ ಆಚೆಯ ಹೊಟ್ಟು

"ಮೇಡಂ, ಬೆಳಕು ಧೂಳನ್ನ ಹೊರಗ ನೂಕ್ತದಂತೀರಿ. ಅದೇ ಬೆಳಕು ಮತ್ತ ಒಳಗ ಹ್ಯಾಂಗ ತರ್ತದ್ರಿ?"

ಮೊದಲ ಬೆಂಚಿನ ನಾಗರತ್ನಾ ಕೇಳಿದಾಗ ಮುಬಶ್ಶಿರಾಳ ಸೀಮೆಸುಣ್ಣ ನಿಂತಿತು. ನೆಪ್ಚೂನ್ ಆಚೆ ಹಿಮದ ಬಂಡೆಗಳು ಡಿಕ್ಕಿ ಹೊಡೆದು ಹುಟ್ಟುವ ಧೂಳಿನ ಬಗ್ಗೆ ಅವಳು ಐದು ವರ್ಷ ಓದಿದ್ದಳು. ಉತ್ತರ ಬೋರ್ಡಿನ ಮೇಲೆಯೇ ಇತ್ತು, ಮೂರು ಸಾಲಿನ ಸಮೀಕರಣವಾಗಿ. ಆದರೆ ಕಮಲಾಪುರದ ಈ ಕಾಲೇಜಿನಲ್ಲಿ ಕೆಲಸ ಸಿಗಬೇಕಾದರೆ ಇಂದಿನ ಪಾಠ ಮಕ್ಕಳಿಗೆ ತಿಳಿಯಬೇಕಿತ್ತು. ಹಿಂದಿನ ಬೆಂಚಿನಲ್ಲಿ ಪ್ರಾಂಶುಪಾಲ ಖಂಡೆಪ್ಪನವರು ಪೆನ್ನು ಹಿಡಿದು ಕೂತಿದ್ದರು.

ಕಿಟಕಿಯಾಚೆ ಹಾಸ್ಟೆಲಿನ ಅಡುಗೆಯ ಶೇವಂತಾಬಾಯಿ ಕಟ್ಟೆಯ ಮೇಲೆ ಕೂತು ಮರದಲ್ಲಿ, ಅಂದರೆ ಬಿದಿರಿನ ಮೊರದಲ್ಲಿ, ತೊಗರಿಬೇಳೆ ಕೇರುತ್ತಿದ್ದಳು. ಮುಬಶ್ಶಿರಾ ಓಡಿಹೋಗಿ ಬೇಳೆಯ ಸಮೇತ ಮರ ಇಸಿದುಕೊಂಡು ಬಂದಳು.

ಅವಳ ಅಮ್ಮಿ ಮೆಹಬೂಬಿ ನಂದೂರಿನ ದಾಲ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಬೇಳೆ ಕೇರಿದವಳು. ಮಗಳಿಗೆ ಮಾತ್ರ ಒಂದು ದಿನವೂ ಮರ ಮುಟ್ಟಗೊಟ್ಟಿರಲಿಲ್ಲ. ಮುಬಶ್ಶಿರಾ ಮರದ ತೆರೆದ ಬಾಯಿಯನ್ನು ತನ್ನತ್ತಲೇ ತಿರುಗಿಸಿ ಹಾರಿಸಿದಳು. ಬೇಳೆ ನೆಲಕ್ಕೆ, ಹೊಟ್ಟು ಮುಖಕ್ಕೆ. ತರಗತಿ ಗೊಳ್ಳೆಂದಿತು. ಖಂಡೆಪ್ಪನವರು ಏನೋ ಬರೆದುಕೊಂಡರು.

"ನಿನ್ನ ತಪ್ಪಲ್ಲ ಯವ್ವಾ, ನನ್ನ ಮರಾನೇ ಡೊಂಕ ಅದ," ಎನ್ನುತ್ತ ಶೇವಂತಾಬಾಯಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮರ ಹೊಚ್ಚಹೊಸದಾಗಿತ್ತು. "ಕೇರೂದು ನನಗ ಬಿಡು. ಹೇಳೂದು ನೀ ಹೇಳು."

ಕಿಟಕಿಯ ಬಿಸಿಲಿಗೆ ನಿಂತು ಅವಳು ಕೇರತೊಡಗಿದಳು.

"ನೋಡ್ರಿ," ಮುಬಶ್ಶಿರಾಳ ದನಿ ಗಟ್ಟಿಯಾಯಿತು. "ಕೈ ಒಂದೇ, ಹಂಗ ಬೆಳಕೂ ಒಂದೇ. ತೀರಾ ಹಗುರಾದ ಹೊಟ್ಟು ಹೊರಗ ಹಾರ್ತದ. ಅಂಥ ಧೂಳು ಸೂರ್ಯನ್ನ ಬಿಟ್ಟೇ ಹೋಗ್ತದ. ತುಸು ತೂಕ ಇದ್ದದ್ದು ಹೋಗಂಗಿಲ್ಲ. ಸುತ್ತೂವಾಗ ಬೆಳಕು ಎದುರಿಗೆ ಬಡದು ಬಡದು ಅದರ ಓಟ ಕಡಿಮಿ ಆಗ್ತದ. ಲಕ್ಷಾಂತರ ವರ್ಷ ಸುತ್ತಿಕೋತ, ಈ ಬೇಳಿಹಂಗ, ಒಳಗ ಸರೀತದ."

"ದಾರ್ಯಾಗ ಯಾರೂ ತಡ್ಯಂಗಿಲ್ಲೇನ್ರಿ?"

"ಕೆಲವನ್ನ ನೆಪ್ಚೂನ್ ತಡದು ಕೂಡಿಸಿಕೋತದ. ಬಹಳಷ್ಟನ್ನ ಗುರುಗ್ರಹ ಎತ್ತಿ ಹೊರಗ ಒಗೀತದ."

"ನಮ್ಮ ವಾರ್ಡನ್ ಇದ್ದಂಗ ಬಿಡ್ರಿ!" ಎಂದಳು ನಾಗರತ್ನಾ. ಖಂಡೆಪ್ಪನವರೂ ನಕ್ಕುಬಿಟ್ಟರು.

ಪಾಠ ಮುಗಿದ ಮೇಲೆ ಇಬ್ಬರೂ ಹೆಂಗಸರು ನೆಲದ ಬೇಳೆ ಆರಿಸುತ್ತಿದ್ದಾಗ ಖಂಡೆಪ್ಪನವರು ಬಾಗಿಲಲ್ಲಿ ನಿಂತು ಕೇಳಿದರು: "ಗಾಜಿಪುರದ ನಿಮ್ಮ ಮನಿಯಿಂದ ದಿನಾ ಒಂಬತ್ತಕ್ಕ ಇಲ್ಲಿ ಬಂದು ಮುಟ್ಟತೀಯೇನವ್ವಾ?"

"ಮುಟ್ಟತೀನ್ರಿ ಸರ್."

ಸಂಜೆ ಮನೆಯಲ್ಲಿ ಮೆಹಬೂಬಿ ಎಲ್ಲವನ್ನೂ ಕೇಳಿದಳು. ಮಗಳ ಕೂದಲಿಗೆ ಅಂಟಿದ್ದ ಹೊಟ್ಟಿನ ಚೂರೊಂದನ್ನು ಮೆಲ್ಲಗೆ ತೆಗೆದಳು. ಆಮೇಲೆ ಗೋಡೆಯ ಮೊಳೆಯಿಂದ ಮರ ಇಳಿಸಿ, ಅದರ ಬಾಯಿಯನ್ನು ಅಂಗಳದ ಕಡೆ ತಿರುಗಿಸಿ, ಮಗಳ ಕೈಗಿಟ್ಟಳು.